ತಗ್ಗಿಗೆ ಬಿದ್ದದ್ದು ಒಂದೇ ಚಕ್ರ, ಅಲುಗಿದ್ದು ಇಡೀ ಕಾರು ಯಾಕೆ?

ಶೋರೂಮಿನಲ್ಲಿ ಕಾರು ತೋರಿಸುವವರು 'ಇಂಡಿಪೆಂಡೆಂಟ್ ಸಸ್ಪೆನ್ಷನ್ ಸಾರ್' ಅಂತ ಒಂದು ಮಾತು ಸೇರಿಸಿಯೇ ಸೇರಿಸುತ್ತಾರೆ. ಸಸ್ಪೆನ್ಷನ್ ಅಂದರೆ ಚಕ್ರಕ್ಕೂ ಬಾಡಿಗೂ ನಡುವೆ ಕೂತು ರಸ್ತೆಯ ಪೆಟ್ಟು ನುಂಗುವ ವ್ಯವಸ್ಥೆ. ಕೇಳಿದವರು 'ಓ, ಆರಾಮಾಗಿರುತ್ತೆ' ಅಂದುಕೊಂಡು ಮೈಲೇಜಿನ ಮಾತಿಗೆ ಹೋಗುತ್ತಾರೆ. ಆದರೆ ಬಳ್ಳಾರಿಯಿಂದ ಬೆಂಗಳೂರಿಗೆ ಮನೆಮಂದಿಯೆಲ್ಲ ಸೇರಿ ಹೊರಟಾಗ ಬಾಡಿಗೆಗೆ ಯಾವ ಗಾಡಿ ಹೇಳುತ್ತಾರೆ? ಇನ್ನೋವಾ. ಹಳೇ ಇನ್ನೋವಾ, ಆಮೇಲೆ ಬಂದ ಕ್ರಿಸ್ಟಾ, ಎರಡರಲ್ಲೂ ಹಿಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇಲ್ಲ. ಒಂದೇ ಗಟ್ಟಿ ಅಚ್ಚು ಎಡ-ಬಲ ಎರಡೂ ಚಕ್ರಗಳನ್ನು ಹಿಡಿದಿದೆ. ಅದೇ ಟಾಟಾ ಇಂಡಿಕಾ ತಗೊಳ್ಳಿ. ನಾಲ್ಕು ಚಕ್ರಕ್ಕೂ ಇಂಡಿಪೆಂಡೆಂಟ್. ಆದರೂ ದೂರದ ದಾರಿಗೆ ಇಂಡಿಕಾ ಬೇಡ, ಇನ್ನೋವಾ ಸಿಕ್ಕರೆ ನೋಡಿ ಅನ್ನುತ್ತಿದ್ದವರೇ ಜಾಸ್ತಿ.

ಹಾಗಾದರೆ ಆ ಮಾತಿಗೆ ಬೆಲೆಯೇ ಇಲ್ವಾ? ಇದೆ. ಆದರೆ ಯಾವ ರಸ್ತೆ, ಯಾವ ಪೆಟ್ಟು ಅನ್ನುವುದನ್ನು ನೋಡದೆ ಆ ಬೆಲೆ ಗೊತ್ತಾಗುವುದಿಲ್ಲ.

ಎತ್ತಿನ ಬಂಡಿಯಿಂದ ಶುರು ಮಾಡೋಣ. ಎರಡು ಗಾಲಿಗೆ ಒಂದೇ ಅಚ್ಚು. ಎಡಗಾಲಿ ಕಲ್ಲು ಹತ್ತಿದರೆ ಅಚ್ಚು ವಾಲುತ್ತದೆ, ಬಲಗಾಲಿಯೂ ಅಷ್ಟೇ ವಾಲುತ್ತದೆ, ಮೇಲೆ ಕೂತವನೂ ವಾಲುತ್ತಾನೆ. ಲಾರಿಯ, ಬೊಲೆರೊದ ಹಿಂಬದಿಯೂ ಇದೇ ಲೆಕ್ಕ. ಅಚ್ಚಿಗೂ ಬಾಡಿಗೂ ನಡುವೆ ಸ್ಪ್ರಿಂಗ್ ಪ್ಲೇಟು ಬಂದಿದೆ, ಅಷ್ಟೇ. ಚಕ್ರಗಳ ನಡುವಿನ ಅಂತರ ಸುಮಾರು 1.4 ಮೀಟರ್ ಅಂತ ಇಟ್ಟುಕೊಳ್ಳಿ. ಒಂದು ಚಕ್ರ 10 ಸೆಂಟಿಮೀಟರ್ ಎತ್ತರದ ಕಲ್ಲು ಹತ್ತಿದರೆ ಅಚ್ಚು 4 ಡಿಗ್ರಿಯಷ್ಟು ಓರೆಯಾಗುತ್ತದೆ. ಸಮತಟ್ಟಾದ ಜಾಗದಲ್ಲಿ ಓಡುತ್ತಿರುವ ಇನ್ನೊಂದು ಚಕ್ರವೂ ಸುಮ್ನೆ 4 ಡಿಗ್ರಿ ಓರೆಯಾಗಬೇಕು. ಟೈರಿನ ಅಗಲ ಪೂರ್ತಿ ನೆಲಕ್ಕೆ ಕೂರುವ ಬದಲು ಒಂದು ಅಂಚು ಮಾತ್ರ ಜೋರಾಗಿ ಒತ್ತುತ್ತದೆ. ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಇಂಡಿಪೆಂಡೆಂಟ್ ಅಂದರೆ ಆ ಅಚ್ಚನ್ನೇ ತೆಗೆದುಹಾಕಿದ್ದು. ಪ್ರತಿ ಚಕ್ರಕ್ಕೂ ಅದನ್ನು ಬಾಡಿಗೆ ಜೋಡಿಸುವ ಅದರದೇ ಆರ್ಮ್ (ತೋಳು), ಅದರದೇ ಸ್ಪ್ರಿಂಗ್, ಅದರದೇ ಶಾಕ್ ಅಬ್ಸಾರ್ಬರ್, ಅಂದರೆ ಶಾಕಪ್. ಎಡ ಚಕ್ರ ಕಲ್ಲು ಹತ್ತಿದ ಸುದ್ದಿ ಬಲ ಚಕ್ರಕ್ಕೆ ಹೋಗಬೇಕಾಗಿಲ್ಲ.

ಇದೇನೂ ಹೊಸದಲ್ಲ. ಇಟಲಿಯ ಲಾನ್ಸಿಯಾ ಲ್ಯಾಂಬ್ಡಾ 1922ರಲ್ಲೇ ಮುಂದಿನ ಚಕ್ರಗಳಿಗೆ ಇದನ್ನು ತಂದಿತ್ತು. ನಮ್ಮ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಿಗೂ ಮುಂದೆ ಇಂಡಿಪೆಂಡೆಂಟೇ, ಹಿಂದೆ ಮಾತ್ರ ಪ್ಲೇಟು. ಮುಂದಕ್ಕೆ ಮೊದಲು ಬಂದದ್ದಕ್ಕೆ ಕಾರಣ ಇದೆ. ಜೋರಾಗಿ ತಿರುಗುತ್ತಿರುವ ಚಕ್ರವನ್ನು ಓರೆ ಮಾಡಿದರೆ ಅದು ಪಕ್ಕಕ್ಕೂ ತಿರುಗಲು ನೋಡುತ್ತದೆ. ಮುಂದೆ ಗಟ್ಟಿ ಅಚ್ಚು ಇದ್ದ ಹಳೇ ಜೀಪು ಓಡಿಸಿದವರಿಗೆ ಗೊತ್ತು, ಒಂದು ತಗ್ಗು ಸಿಕ್ಕರೆ ಸ್ಟೇರಿಂಗ್ ಕೈಯಲ್ಲಿ ಗಡಗಡ ನಡುಗುತ್ತಿತ್ತು. ಹಾಗಾಗಿ ಇವತ್ತು ಮಾರಾಟವಾಗುವ ಬಹುತೇಕ ಕಾರುಗಳಿಗೆ ಮುಂದೆ ಇಂಡಿಪೆಂಡೆಂಟ್ ಇರುವುದು ದೊಡ್ಡ ವಿಷಯವಲ್ಲ. ಕೇಳಬೇಕಾದ್ದು ಹಿಂದೆ ಏನಿದೆ ಅಂತ.

ಈಗ ರಸ್ತೆಗೆ ಬರೋಣ. ನಮ್ಮ ಕಡೆ ಕಾರಿಗೆ ಬೀಳುವ ಪೆಟ್ಟುಗಳೆಲ್ಲ ಒಂದೇ ಥರ ಇಲ್ಲ.

ಸಿರುಗುಪ್ಪ, ಸಿಂಧನೂರು ಕಡೆಯ ಹಳ್ಳಿ ರಸ್ತೆಗಳನ್ನು ನೋಡಿ. ಒಂದೇ ಗಾಡಿ ಹೋಗುವಷ್ಟು ಡಾಂಬರು, ಪಕ್ಕದಲ್ಲಿ ಭತ್ತದ ಗದ್ದೆ. ಮಳೆಗೆ ಡಾಂಬರಿನ ಪಕ್ಕದ ಮಣ್ಣು ಕೊಚ್ಚಿ ಹೋಗಿ ಅಂಚು ಮೆಟ್ಟಿಲಿನ ಥರ ಎತ್ತರ ನಿಂತಿರುತ್ತದೆ. ಎದುರಿಗೆ ಭತ್ತ ತುಂಬಿದ ಲಾರಿ ಬಂದರೆ ಅವನು ಇಳಿಯುವುದಿಲ್ಲ, ನಾವೇ ಇಳಿಯಬೇಕು. ಎಡಗಡೆಯ ಎರಡು ಚಕ್ರ ಧಡ್ ಅಂತ ಕೆಳಗೆ, ಬಲಗಡೆಯವು ಡಾಂಬರಿನ ಮೇಲೆ. ಲಾರಿ ಹೋದ ಮೇಲೆ ಮತ್ತೆ ಅಂಚು ಹತ್ತಬೇಕು. ಇಂಡಿಪೆಂಡೆಂಟ್ ಸಸ್ಪೆನ್ಷನ್ನಿನ ಪೂರ್ತಿ ಲಾಭ ಸಿಗುವುದು ಇಂಥ ಕಡೆ. ಹಿಂದೆ ಗಟ್ಟಿ ಅಚ್ಚಿರುವ ಗಾಡಿಯಲ್ಲಿ ಈ ಇಳಿದು ಹತ್ತುವಾಗ ಹಿಂಬದಿ ಪಕ್ಕಕ್ಕೆ ಎಸೆದ ಹಾಗೆ ಆಗುತ್ತದೆ, ಕೂತವರ ತಲೆ ಕಿಟಕಿ ಕಡೆ ಹೋಗಿ ಬರುತ್ತದೆ.

ಹಂಪಿನ ಕತೆ ಬೇರೆ. ಊರಿಗೊಂದು, ಶಾಲೆಗೊಂದು, ಗುಡಿಗೊಂದು ಹಂಪ್ ಇರುವ ದಾರಿ ನಮ್ಮದು. ಹಂಪಿಗೆ ಎರಡೂ ಮುಂದಿನ ಚಕ್ರ ಒಟ್ಟಿಗೆ ಹತ್ತುತ್ತವೆ, ಆಮೇಲೆ ಎರಡೂ ಹಿಂದಿನ ಚಕ್ರ ಒಟ್ಟಿಗೆ. ಎಡಕ್ಕೂ ಬಲಕ್ಕೂ ಒಂದೇ ಪೆಟ್ಟು ಒಂದೇ ಹೊತ್ತಿಗೆ ಬೀಳುವಾಗ 'ಒಂದರ ಸುದ್ದಿ ಇನ್ನೊಂದಕ್ಕೆ ಬೇಡ' ಅನ್ನುವ ವ್ಯವಸ್ಥೆಗೆ ಕೆಲಸವೇ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ಸ್ಪ್ರಿಂಗ್ ಎಷ್ಟು ಮೆತ್ತಗಿದೆ, ಚಕ್ರ ಮೇಲೆ ಹೋಗಲು ಎಷ್ಟು ಜಾಗ ಇದೆ, ಶಾಕಪ್ ಹೇಗಿದೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಉದ್ದ ಎಷ್ಟು ಅನ್ನುವುದು. 'ಇಂಡಿಪೆಂಡೆಂಟ್ ಅಂದ್ರು, ಹಂಪಲ್ಲಿ ಹೀಗೆ ಕುಟ್ಟುತ್ತಲ್ಲ' ಅಂತ ಬೈಯುವವರು ಇದನ್ನು ನೆನಪಿಡಬೇಕು.

ಮೂರನೆಯದು ಎರೆಮಣ್ಣಿನ ಅಲೆ. ಎರೆಭೂಮಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಕಿದ ರಸ್ತೆ ಕೆಲವೇ ವರ್ಷಗಳಲ್ಲಿ ಏರಿಳಿತ ಆಗುತ್ತದೆ. ಕಣ್ಣಿಗೆ ನುಣ್ಣಗೆ ಕಾಣುವ ಡಾಂಬರು, ಆದರೆ 80ರಲ್ಲಿ ಹೋದರೆ ಕಾರು ಏಳುತ್ತ ಬೀಳುತ್ತ ತೇಲುತ್ತದೆ. ಲೆಕ್ಕ ಸರಳ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಸ್ಪ್ರಿಂಗಿನ ಮೇಲೆ ಕೂತ ಕಾರಿನ ಬಾಡಿ ತನ್ನಷ್ಟಕ್ಕೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುತ್ತದೆ. ಹಾಗಾದರೆ 15ರಿಂದ 22 ಮೀಟರಿಗೆ ಒಂದರಂತೆ ಉಬ್ಬು ಸಿಕ್ಕರೆ ರಸ್ತೆಯ ತಾಳಕ್ಕೂ ಕಾರಿನ ತಾಳಕ್ಕೂ ಹೊಂದಿಕೆಯಾಗಿ ತೇಲಾಟ ಜಾಸ್ತಿಯಾಗುತ್ತಲೇ ಹೋಗುತ್ತದೆ. ಇದನ್ನು ತಡೆಯುವುದು ಶಾಕಪ್ ಒಂದೇ. ಸ್ಪ್ರಿಂಗ್ ಶಕ್ತಿಯನ್ನು ತುಂಬಿಕೊಂಡು ವಾಪಸ್ ಕೊಡುತ್ತದೆ, ಶಾಕಪ್ ಅದನ್ನು ಎಣ್ಣೆಯ ಬಿಸಿಯಾಗಿ ಕರಗಿಸುತ್ತದೆ. ಇಲ್ಲೂ ಇಂಡಿಪೆಂಡೆಂಟ್ ಅನ್ನುವ ಹೆಸರಿನಿಂದ ಹೆಚ್ಚೇನೂ ಆಗುವುದಿಲ್ಲ. ಇಷ್ಟಕ್ಕೂ 80ರ ಬದಲು 60ರಲ್ಲಿ ಹೋದರೆ ತಾಳ ತಪ್ಪಿ ಅರ್ಧ ತೊಂದರೆ ತಾನಾಗೇ ಹೋಗುತ್ತದೆ.

ಕೊನೆಯದು ಗರಸು ರಸ್ತೆ. ಸಂಡೂರು ಸುತ್ತಮುತ್ತಲ ಕೆಂಪು ಗರಸಿನ ದಾರಿಗಳಲ್ಲಿ ಲಾರಿ ಓಡಿ ಓಡಿ ಸಾಲು ಸಾಲು ಸಣ್ಣ ಉಬ್ಬುಗಳು ಏಳುತ್ತವೆ. ಮೀಟರಿಗೊಂದು ಉಬ್ಬು ಅಂದರೂ 40ರ ವೇಗದಲ್ಲಿ ಚಕ್ರಕ್ಕೆ ಸೆಕೆಂಡಿಗೆ 11 ಪೆಟ್ಟು. ಇಲ್ಲಿ ಗೆಲ್ಲುವುದು ಹಗುರ ಚಕ್ರ. ಸ್ಪ್ರಿಂಗಿನ ಕೆಳಗಿರುವ ತೂಕ, ಅಂದರೆ ಟೈರು, ಡಿಸ್ಕು, ಬ್ರೇಕು, ಅಚ್ಚು ಇವೆಲ್ಲ ಸೇರಿದ್ದು, ಕಡಿಮೆ ಇದ್ದಷ್ಟೂ ಚಕ್ರ ಬೇಗ ಮೇಲೆದ್ದು ಬೇಗ ನೆಲಕ್ಕೆ ವಾಪಸ್ ಬರುತ್ತದೆ. ಹಿಂದಿನ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಟ್ಟಿ ಅಚ್ಚಿನ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಎಡ-ಬಲ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಗುಂಡು, ಇಬ್ಬರು ಸೇರಿ ಎತ್ತಬೇಕಾದ ಹೌಸಿಂಗು, ಎಲ್ಲವೂ ಚಕ್ರದ ಜೊತೆಗೇ ಕುಣಿಯಬೇಕು. ಇಂಡಿಪೆಂಡೆಂಟ್ ಮಾಡಿದರೆ ಆ ಗುಂಡು ಬಾಡಿಗೆ ಅಂಟಿಕೊಂಡು ಸುಮ್ನೆ ಕೂರುತ್ತದೆ, ಚಕ್ರ ಮಾತ್ರ ಆಡುತ್ತದೆ. ಖಾಲಿ ಬೊಲೆರೊ ಗರಸಿನ ತಿರುವಿನಲ್ಲಿ ಹಿಂಬದಿಯನ್ನು ಪಕ್ಕಕ್ಕೆ ಒದೆಯುವುದು ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ. ಚಕ್ರ ನೆಲದ ಮೇಲೆ ಇರುವ ಹೊತ್ತಿಗಿಂತ ಗಾಳಿಯಲ್ಲಿ ಇರುವ ಹೊತ್ತು ಜಾಸ್ತಿಯಾದರೆ ಹಿಡಿತ ಎಲ್ಲಿಂದ ಬರಬೇಕು?

ಸ್ಪ್ರಿಂಗ್ ಪ್ಲೇಟಿನ ತೊಂದರೆ ಇನ್ನೊಂದಿದೆ. ಪ್ಲೇಟುಗಳು ಒಂದರ ಮೇಲೊಂದು ಉಜ್ಜುತ್ತವೆ. ಸಣ್ಣ ಪೆಟ್ಟಿಗೆ ಆ ಉಜ್ಜಾಟ ಮೀರಿ ಅವು ಬಾಗುವುದೇ ಇಲ್ಲ, ಪೆಟ್ಟು ನೇರ ಸೀಟಿಗೆ ಬರುತ್ತದೆ. ಜೊತೆಗೆ ಅವನ್ನು ಭಾರ ಹೊರಲು ಕೂರಿಸಿರುತ್ತಾರೆ. ಒಂದು ಟನ್ ಹತ್ತಿ ತುಂಬಿದ ಪಿಕಪ್ಪು ಖಾಲಿ ಪಿಕಪ್ಪಿಗಿಂತ ಮೆತ್ತಗೆ ಓಡುವುದನ್ನು ಡ್ರೈವರುಗಳೇ ಹೇಳುತ್ತಾರೆ.

ಇಷ್ಟು ಆರಾಮದ ಮಾತು. ತಿರುವಿನ ಮಾತು ಬೇರೆ, ಅದೇ ಹೆಚ್ಚು ಸ್ವಾರಸ್ಯದ್ದು.

ಸಂಡೂರಿನಿಂದ ಕುಮಾರಸ್ವಾಮಿ ದೇವಸ್ಥಾನಕ್ಕೆ ಹತ್ತುವ ಗುಡ್ಡದ ದಾರಿ ನೆನೆಸಿಕೊಳ್ಳಿ. ಎಡಕ್ಕೆ ತಿರುಗಿದರೆ ಕಾರು ಬಲಕ್ಕೆ ವಾಲುತ್ತದೆ, ಭಾರವೆಲ್ಲ ಬಲಗಡೆ ಚಕ್ರಗಳ ಮೇಲೆ ಬೀಳುತ್ತದೆ. ತಿರುವಿನಲ್ಲಿ ಕಾರನ್ನು ಹಿಡಿಯುವುದು ಮುಖ್ಯವಾಗಿ ಅವೇ ಎರಡು ಟೈರು. ಆ ಟೈರುಗಳು ನೆಟ್ಟಗೆ ನಿಂತಿವೆಯಾ, ಹೊರಕ್ಕೆ ವಾಲಿವೆಯಾ ಅನ್ನುವುದರ ಮೇಲೆ ಹಿಡಿತ ನಿಂತಿದೆ. ವಿಚಿತ್ರ ಅಂದರೆ ಇಲ್ಲಿ ಗಟ್ಟಿ ಅಚ್ಚಿಗೆ ಪೂರ್ತಿ ಅಂಕ. ಬಾಡಿ ಎಷ್ಟೇ ವಾಲಲಿ, ನೆಲ ಸಮ ಇದ್ದರೆ ಅಚ್ಚು ನೆಲಕ್ಕೆ ಸಮವೇ ಇರುತ್ತದೆ, ಚಕ್ರಗಳು ನೆಟ್ಟಗೆ ನಿಲ್ಲುತ್ತವೆ. ಇಂಡಿಪೆಂಡೆಂಟಿನಲ್ಲಿ ಚಕ್ರ ಬಾಡಿಗೆ ಕಟ್ಟಿಕೊಂಡಿರುವುದರಿಂದ ಬಾಡಿ ವಾಲಿದ ಹಾಗೆ ಚಕ್ರವೂ ವಾಲಲು ಹೋಗುತ್ತದೆ. ಅದನ್ನು ತಡೆಯುವ ಜಾಣತನದಲ್ಲೇ ಒಂದೊಂದು ವಿನ್ಯಾಸಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹುಟ್ಟುವುದು.

ಸ್ವಿಫ್ಟ್, ಕ್ರೆಟಾ, ನೆಕ್ಸಾನ್ ಇವಕ್ಕೆಲ್ಲ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ್ದು, 1950ರ ಹೊತ್ತಿಗೆ ಫೋರ್ಡ್ ಕಾರುಗಳಲ್ಲಿ ರಸ್ತೆಗೆ ಬಂತು. ಕೆಳಗೆ ಒಂದೇ ಆರ್ಮು, ಮೇಲೆ ಶಾಕಪ್ಪೇ ಕಂಬದ ಕೆಲಸವನ್ನೂ ಮಾಡುತ್ತದೆ, ಅದರ ಸುತ್ತ ಸ್ಪ್ರಿಂಗು. ಸಾಮಾನು ಕಡಿಮೆ, ಖರ್ಚು ಕಡಿಮೆ, ಎಂಜಿನ್ ಅಡ್ಡಡ್ಡ ಕೂರಿಸಲು ಜಾಗ ಧಾರಾಳ. ಬೆಲೆ ತೆರುವುದು ತಿರುವಿನಲ್ಲಿ. ಬಾಡಿ 3 ಡಿಗ್ರಿ ವಾಲಿದರೆ ಹೊರಗಿನ ಚಕ್ರವೂ ಹೆಚ್ಚುಕಡಿಮೆ ಅದರ ಜೊತೆಗೇ ಹೊರಕ್ಕೆ ವಾಲುತ್ತದೆ, ಟೈರಿನ ಹೊರ ಅಂಚು ಒದ್ದಾಡುತ್ತದೆ. ಜೋರಾಗಿ ಓಡಿಸುವವರ ಕಾರಿನ ಮುಂದಿನ ಟೈರು ಹೊರಗಡೆಯಿಂದ ಸವೆಯುವುದು ಹೀಗೆ.

ಡಬಲ್ ವಿಶ್‌ಬೋನ್‌ನಲ್ಲಿ ಮೇಲೊಂದು ಕೆಳಗೊಂದು ಆರ್ಮು. ಮೇಲಿನದನ್ನು ಗಿಡ್ಡ ಮಾಡಿರುತ್ತಾರೆ. ಚಕ್ರ ಮೇಲೆದ್ದಾಗ ಗಿಡ್ಡ ಆರ್ಮು ಬೇಗ ಒಳಕ್ಕೆ ತಿರುಗಿ ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತದೆ. ಬಾಡಿ ಹೊರಕ್ಕೆ ವಾಲಿಸಿದ್ದನ್ನು ಇದು ಒಳಕ್ಕೆ ಎಳೆದು ಸರಿದೂಗಿಸುತ್ತದೆ. ಇನ್ನೋವಾ, ಸ್ಕಾರ್ಪಿಯೋಗಳಿಗೆ ಮುಂದೆ ಇದೇ ಇದೆ. ನನ್ನನ್ನು ಕೇಳಿದರೆ ಸಸ್ಪೆನ್ಷನ್ ಲೋಕದಲ್ಲಿ ಇದಕ್ಕಿಂತ ಚೆಂದದ ರೇಖಾಗಣಿತ ಇಲ್ಲ. ಜಾಗ ತಿನ್ನುತ್ತದೆ ಅನ್ನುವುದು ನಿಜ.

ಇಂಡಿಕಾದ ಹಿಂಬದಿಯನ್ನು ಮಾತ್ರ ಹತ್ತಿರದಿಂದ ನೋಡಬೇಕು. ಬಳ್ಳಾರಿಯ ಹಳೇ ಟ್ಯಾಕ್ಸಿ ಇಂಡಿಕಾ ಒಂದು ಹಿಂದೆ ಮೂವರನ್ನು, ಡಿಕ್ಕಿಯಲ್ಲಿ ಅಕ್ಕಿ ಚೀಲವನ್ನು ತುಂಬಿಕೊಂಡು ಹೊರಟಾಗ ಹಿಂದಿನಿಂದ ಗಮನಿಸಿ. ಹಿಂದಿನ ಚಕ್ರಗಳ ತಲೆ ಒಳಕ್ಕೆ, ಬುಡ ಹೊರಕ್ಕೆ. ಎರಡೂ ಚಕ್ರ ಕಾಲು ಅಗಲಿಸಿ ನಿಂತಿರುತ್ತವೆ. ಗಾಡಿ ಕೆಟ್ಟಿದೆ ಅಂತಲ್ಲ. ಅಲ್ಲಿರುವುದು ಸೆಮಿ-ಟ್ರೇಲಿಂಗ್ ಆರ್ಮ್. ಆರ್ಮು ಬಾಡಿಗೆ ಸೇರುವ ಕೀಲು ಸ್ವಲ್ಪ ಓರೆಯಾಗಿದೆ, ಹಾಗಾಗಿ ಭಾರಕ್ಕೆ ಬಾಡಿ ಕೆಳಗಿಳಿದ ಹಾಗೆ ಚಕ್ರ ಒಳಕ್ಕೆ ವಾಲುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ಇದು ಸ್ವಲ್ಪ ಮಟ್ಟಿಗೆ ಒಳ್ಳೆಯದೇ. ದಿನವೂ ಫುಲ್ ಲೋಡಿನಲ್ಲಿ ಓಡುವ ಟ್ಯಾಕ್ಸಿಗೆ ಒಳ್ಳೆಯದಲ್ಲ. ಟೈರಿನ ಹೊರಗಡೆ ಗೀರುಗಳು ಹೊಸದರ ಥರ ಇರುತ್ತವೆ, ಒಳ ಅಂಚಿಗೆ ಬೆರಳಿಟ್ಟು ನೋಡಿದರೆ ನುಣ್ಣಗೆ ಬೋಳು. ಟೈರ್ ಅಂಗಡಿಯಲ್ಲಿ ಟೈರು ಬಿಚ್ಚಿದಾಗಲೇ ಮಾಲೀಕನಿಗೆ ಗೊತ್ತಾಗುವುದು. ಗಟ್ಟಿ ಅಚ್ಚಿನ ಗಾಡಿಗೆ ಈ ಗೋಳಿಲ್ಲ. ಎಷ್ಟೇ ತುಂಬಿ, ಚಕ್ರ ನೆಟ್ಟಗೇ ಇರುತ್ತದೆ. ಲಾರಿ, ಪಿಕಪ್ಪು ಇನ್ನೂ ಅದನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಇಂಡಿಪೆಂಡೆಂಟ್ ಆಗಿದ್ದೂ ಅಪಾಯವಾದ ಉದಾಹರಣೆಯೂ ಇದೆ. ಅಮೆರಿಕದ ಷೆವರ್ಲೆ ಕಾರ್ವೇರ್ 1960ರ ಮಾದರಿಯಾಗಿ ಬಂದಾಗ ಅದರ ಹಿಂದೆ ಸ್ವಿಂಗ್ ಆಕ್ಸಲ್ ಇತ್ತು, ಅಂದರೆ ನಡುವಿನ ಕೀಲಿನಿಂದ ಚಕ್ರದ ಜೊತೆಗೇ ಮೇಲೆ ಕೆಳಗೆ ಆಡುವ ಅರ್ಧರ್ಧ ಅಚ್ಚು. ಜೋರು ತಿರುವಿನಲ್ಲಿ ಹಿಂಬದಿ ಎದ್ದು, ಹೊರಗಿನ ಚಕ್ರ ಕಾರಿನ ಅಡಿಗೇ ಮಡಚಿಕೊಳ್ಳುವ ಗುಣ ಆ ವಿನ್ಯಾಸಕ್ಕಿದೆ. ಕಂಪನಿ 1965ರ ಮಾದರಿಗೆ ಹಿಂದಿನ ಸಸ್ಪೆನ್ಷನ್ ಪೂರ್ತಿ ಬದಲಿಸಿತು.

ಇವತ್ತಿನ ಸಣ್ಣ, ಮಧ್ಯಮ ಕಾರುಗಳ ಹಿಂದೆ ಇರುವುದು ಬಹುತೇಕ ಟಾರ್ಷನ್ ಬೀಮ್. ಎರಡು ಉದ್ದ ಆರ್ಮುಗಳನ್ನು ಸೇರಿಸುವ ಒಂದು ಅಡ್ಡಪಟ್ಟಿ. ಬಾಗುವುದಿಲ್ಲ, ಆದರೆ ತಿರುಚಿಕೊಳ್ಳುತ್ತದೆ. ಒಂದು ಚಕ್ರ ಮೇಲೆದ್ದರೆ ಪಟ್ಟಿ ತಿರುಚಿ ಅರ್ಧ ಸ್ವಾತಂತ್ರ್ಯ ಕೊಡುತ್ತದೆ. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಇದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಅಗ್ಗ, ಹಗುರ, ಡಿಕ್ಕಿಗೆ ಜಾಗ ಉಳಿಸುತ್ತದೆ, ಸವೆಯುವ ಬುಷ್ಷುಗಳೂ, ಅಂದರೆ ಕೀಲುಗಳಲ್ಲಿ ಕೂರುವ ರಬ್ಬರ್ ತುಂಡುಗಳೂ, ಕಡಿಮೆ. ಇದನ್ನು ಹೀಗಳೆಯುವವರು ಇದ್ದಾರೆ, ನಾನಂತೂ ಅಲ್ಲ. ಚೆನ್ನಾಗಿ ಹದ ಮಾಡಿದ ಟಾರ್ಷನ್ ಬೀಮು ಹದ ತಪ್ಪಿದ ಮಲ್ಟಿಲಿಂಕಿಗಿಂತ ಎಷ್ಟೋ ವಾಸಿ.

ಮಲ್ಟಿಲಿಂಕ್ ಅಂದರೆ ಚಕ್ರವನ್ನು ಹಲವು ಸಣ್ಣ ಸರಳುಗಳಿಂದ ಹಿಡಿದದ್ದು. 1982ರ ಮರ್ಸಿಡಿಸ್ 190ರಲ್ಲಿ ಪ್ರತಿ ಹಿಂದಿನ ಚಕ್ರಕ್ಕೆ ಐದು ಸರಳು ಇದ್ದವು. ನಮ್ಮಲ್ಲಿ ಎಕ್ಸ್‌ಯುವಿ 700ರ ಹಿಂದೆ ಮಲ್ಟಿಲಿಂಕ್ ಇದೆ. ಇದರ ಲಾಭ ಒಂದು ವಾಕ್ಯದಲ್ಲಿ ಹೇಳಬಹುದು. ತಗ್ಗಿನ ಅಂಚು ಬಡಿದಾಗ ಚಕ್ರ ಸ್ವಲ್ಪ ಹಿಂದಕ್ಕೆ ಸರಿದು ಪೆಟ್ಟು ನುಂಗಬೇಕು, ಆದರೆ ತಿರುವಿನಲ್ಲಿ ಅದೇ ಚಕ್ರ ಪಕ್ಕಕ್ಕೆ ಒಂದಿಷ್ಟೂ ಅಲುಗಬಾರದು. ಬೇರೆ ಬೇರೆ ಸರಳುಗಳಿದ್ದರೆ ಈ ಎರಡು ಕೆಲಸವನ್ನು ಬೇರೆ ಬೇರೆಯಾಗಿ ಹದ ಮಾಡಬಹುದು. ಒಂದೇ ಆರ್ಮಿನಲ್ಲಿ ಎರಡನ್ನೂ ಮಾಡಹೋದರೆ ಯಾವುದೋ ಒಂದು ಕೆಡುತ್ತದೆ.

ಇನ್ನೊಂದು ಸಂಗತಿ ಯಾವ ಶೋರೂಮಿನವರೂ ಹೇಳುವುದಿಲ್ಲ. ಇಂಡಿಪೆಂಡೆಂಟ್ ಮಾಡಿದ ಮೇಲೆ ಕಾರು ಜಾಸ್ತಿ ವಾಲದಿರಲಿ ಅಂತ ಎಡ-ಬಲ ಚಕ್ರಗಳನ್ನು ಮತ್ತೆ ಒಂದು ಸರಳಿನಿಂದ ಕಟ್ಟುತ್ತಾರೆ. ಅದೇ ಆಂಟಿ ರೋಲ್ ಬಾರ್. ಹಂಪಿನಲ್ಲಿ ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದು ಸುಮ್ಮನಿರುತ್ತದೆ. ಒಂದೇ ಚಕ್ರ ಎದ್ದರೆ ತಿರುಚಿಕೊಂಡು ಇನ್ನೊಂದನ್ನೂ ಎಳೆಯುತ್ತದೆ. ಎತ್ತರದ ಎಸ್‌ಯುವಿಗೆ ದಪ್ಪ ಬಾರ್ ಹಾಕಿದರೆ ತಿರುವಿನಲ್ಲಿ ವಾಲುವುದಿಲ್ಲ, ಆದರೆ ಒಂದು ಬದಿ ತಗ್ಗಿರುವ ರಸ್ತೆಯಲ್ಲಿ ತಲೆ ಆ ಕಡೆ ಈ ಕಡೆ ಆಡುತ್ತದೆ. ಕೊಟ್ಟ ಸ್ವಾತಂತ್ರ್ಯದಲ್ಲಿ ಅರ್ಧವನ್ನು ವಾಪಸ್ ತಗೊಂಡ ಹಾಗೆ.

ಈಗ ಇನ್ನೋವಾ. ಹಿಂದೆ ಗಟ್ಟಿ ಅಚ್ಚಿದ್ದರೂ ಅದನ್ನು ಹಿಡಿದಿರುವುದು ಪ್ಲೇಟಲ್ಲ. ಲಿಂಕ್ ಸರಳುಗಳು ಅಚ್ಚನ್ನು ಜಾಗದಲ್ಲಿ ಹಿಡಿಯುತ್ತವೆ, ಸುರುಳಿ ಸ್ಪ್ರಿಂಗ್ ಭಾರ ಹೊರುತ್ತದೆ. ಪ್ಲೇಟಿನ ಉಜ್ಜಾಟ ಹೋಯಿತು. ಮುಂದಿನ ಹಿಂದಿನ ಚಕ್ರಗಳ ನಡುವೆ 2750 ಮಿಲಿಮೀಟರ್ ಉದ್ದ, ಹಾಗಾಗಿ ಮುಂದು ಹಿಂದಕ್ಕೆ ತೂಗುವುದು ಕಡಿಮೆ. ಬಾಡಿ ತಾನೇ ಭಾರ ಇರುವುದರಿಂದ ಅಚ್ಚಿನ ಭಾರ ಅಷ್ಟಾಗಿ ಕಾಡುವುದಿಲ್ಲ. ಏಳು ಜನ ಕೂತರೂ ಚಕ್ರ ಓರೆಯಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಹೊಗಳುವವರು ಕೂತಿರುವುದು ನಡುವಿನ ಸಾಲಿನಲ್ಲಿ, ಎರಡು ಚಕ್ರಗಳ ಮಧ್ಯೆ. ಕೊನೇ ಸಾಲಿನಲ್ಲಿ ಅಚ್ಚಿನ ಮೇಲೆಯೇ ಕೂತು ಹಿರಿಯೂರು ತನಕ ಬಂದ ಚಿಕ್ಕಪ್ಪನನ್ನು ಕೇಳಿ, ಉತ್ತರ ಬೇರೆ ಇರುತ್ತದೆ.

ಇಷ್ಟೆಲ್ಲ ವಿನ್ಯಾಸ ಕೆಲಸ ಮಾಡುವುದು ರಬ್ಬರ್ ಚೆನ್ನಾಗಿರುವ ತನಕ. ಇಂಡಿಪೆಂಡೆಂಟ್ ಅಂದರೆ ಕೀಲು ಜಾಸ್ತಿ, ಕೀಲು ಜಾಸ್ತಿ ಅಂದರೆ ಬುಷ್ ಜಾಸ್ತಿ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ರಬ್ಬರ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ. ಕಾರನ್ನು ರ‍್ಯಾಂಪಿಗೆ ಏರಿಸಿದಾಗ ನೀವೂ ಕೆಳಗೆ ಹೋಗಿ. ಮೇಸ್ತ್ರಿ ಲೋವರ್ ಆರ್ಮಿನ ಹಿಂದಿನ ಬುಷ್ಷಿನ ಹತ್ತಿರ ಟಾಮಿ (ಕಬ್ಬಿಣದ ಮೀಟುಗೋಲು) ಸಿಕ್ಕಿಸಿ ಮೀಟುತ್ತಾನೆ. ಒಳ್ಳೆಯ ಬುಷ್ ಸ್ವಲ್ಪ ಹಿಗ್ಗಿ ವಾಪಸ್ ಬರುತ್ತದೆ. ಹೋದದ್ದು ಬಾಯಿ ಬಿಡುತ್ತದೆ, ಬಿರುಕಿನೊಳಗೆ ಮಣ್ಣು ಕೂತಿರುವುದು ಕಾಣುತ್ತದೆ. 'ಶಾಕಪ್ ಏನೂ ಆಗಿಲ್ಲ ಅಣ್ಣಾ, ಇದು ಹೋಗಿದೆ' ಅಂದರೆ ನಂಬಿ. ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆಯುವುದು, ತಗ್ಗಿಗೆ ಬಿದ್ದಾಗ ಕಟ್ ಅನ್ನುವ ಸದ್ದು, ಅಲೈನ್‌ಮೆಂಟ್ ಮಾಡಿಸಿದ ತಿಂಗಳೊಳಗೆ ಮತ್ತೆ ತಪ್ಪುವುದು, ಎಲ್ಲ ಅಲ್ಲಿಂದ ಬಂದಿರಬಹುದು. ಶಾಕಪ್ ಹೋಗಿದ್ದರೆ ಅದನ್ನು ಗುರುತಿಸುವುದು ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳಲ್ಲಿ ಇನ್ನೂ ಸುಲಭ. ಸೋರಿದ ಎಣ್ಣೆಗೆ ಅದಿರಿನ ಧೂಳು ಮೆತ್ತಿಕೊಂಡು ಶಾಕಪ್ಪಿನ ಮೈಮೇಲೆ ಕೆಂಪು ಪದರ ಕಟ್ಟಿರುತ್ತದೆ.

ಹಂಪಿಗೆ ತಳ ತಾಗುತ್ತದೆ ಅಂತ ಸುರುಳಿಯ ನಡುವೆ ರಬ್ಬರ್ ಬಫರ್ ತುರುಕಿಸುವ ಚಟ ನಮ್ಮ ಕಡೆ ಇದೆ. ಬೇಡ. ಸುರುಳಿಯ ಆಡುವ ಸುತ್ತು ಕಡಿಮೆಯಾಗಿ ಸ್ಪ್ರಿಂಗ್ ಗಟ್ಟಿಯಾಗುತ್ತದೆ. ಕಾರು ಎತ್ತರವಾದ ಹಾಗೆ ಆರ್ಮುಗಳ ಕೋನ ಬದಲಾಗುತ್ತದೆ. ಸ್ಟೇರಿಂಗಿನ ಸರಳು ಮತ್ತು ಲೋವರ್ ಆರ್ಮು ಒಂದೇ ಥರದ ಕಮಾನಿನಲ್ಲಿ ಆಡಬೇಕು ಅಂತ ಕಂಪನಿ ಕೂರಿಸಿದ ಲೆಕ್ಕ ತಪ್ಪಿ, ಪ್ರತಿ ತಗ್ಗಿಗೂ ಮುಂದಿನ ಚಕ್ರ ತಾನಾಗೇ ಸ್ವಲ್ಪ ತಿರುಗುತ್ತದೆ. ಅರ್ಧ ಇಂಚು ಎತ್ತರಕ್ಕೆ ಇಷ್ಟು ತೊಂದರೆ ಯಾಕೆ?

ಹೊಸ ಕಾರಿನ ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಹೊಸ ಬೈಪಾಸಿನ ಕಡೆಗೇ ಕರೆದುಕೊಂಡು ಹೋಗಲು ನೋಡುತ್ತಾರೆ. ಅಲ್ಲಿ ಎಲ್ಲ ಕಾರೂ ಚೆನ್ನಾಗಿರುತ್ತವೆ. ನೀವು ಮನೆಯವರನ್ನು ಹಿಂದಿನ ಸೀಟಿಗೆ ತುಂಬಿಕೊಂಡು ಹೋಗಿ. ಡಾಂಬರಿನ ಅಂಚು ಮುರಿದ ಒಂದು ಹಳ್ಳಿ ರಸ್ತೆಗೆ ತಿರುಗಿಸಿ, ಎಡ ಚಕ್ರಗಳನ್ನು ನಿಧಾನವಾಗಿ ಇಳಿಸಿ ಹತ್ತಿಸಿ. ಆಮೇಲೆ ಎರೆಭೂಮಿಯ ಅಲೆ ಇರುವ ಕಡೆ 80ರಲ್ಲಿ ಒಂದು ಕಿಲೋಮೀಟರ್ ಓಡಿಸಿ, ಒಂದು ಉಬ್ಬು ದಾಟಿದ ಮೇಲೆ ಕಾರು ಒಂದೇ ಸಲ ಎದ್ದು ಕೂರುತ್ತದೋ, ಎರಡು ಮೂರು ಸಲ ತೂಗುತ್ತದೋ ನೋಡಿ. ಸ್ಟೇರಿಂಗ್ ಹಿಡಿದವರ ಮಾತಿಗಿಂತ ಹಿಂದೆ ಕೂತ ಅಮ್ಮ ಏನಂತಾರೆ ಅನ್ನುವುದನ್ನು ಜಾಸ್ತಿ ನಂಬಿ.